ಟಿಎಂಸಿ ಲೆಕ್ಕದಲ್ಲಿ ಬಿಳಿಮೀನಿನ ಮೊಟ್ಟೆಗೆ ಜಾಗವೆಲ್ಲಿ?

ಸಂಪಾದಕರಿಗೆ,

ಮಾನ್ಯರೆ,

ಮಳೆಗಾಲ ಶುರುವಾಯಿತೆಂದರೆ ಪತ್ರಿಕೆಯಲ್ಲಿ ದಿನವೂ ಜಲಾಶಯಗಳ ಪಟ್ಟಿ ಬರುತ್ತದೆ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಕಾವೇರಿ ಸೀಮೆಯ ಬಹಳಷ್ಟು ಓದುಗರು ಮೊದಲು ಕಣ್ಣಾಡಿಸುವುದೇ ಆ ಪಟ್ಟಿಯ ಮೇಲೆ. ಅದರಲ್ಲಿ ‘ಹೊರಹರಿವು’ ಎಂದು ಅಚ್ಚಾಗುವ ನೀರು ಶಿವನಸಮುದ್ರದಲ್ಲಿ ಧುಮುಕಿ, ಭೀಮೇಶ್ವರಿ, ಮುತ್ತತ್ತಿ, ಗಾಳಿಬೋರೆ, ಸಂಗಮ ದಾಟಿ ಮೇಕೆದಾಟಿನ ಕಡೆಗೆ ಸಾಗುತ್ತದೆ. ಆ ಹಾದಿಯಲ್ಲಿ ಮೊಟ್ಟೆ ಇಡುವ ಮೀನಿಗೆ ಅದು ಎಷ್ಟು ಒದಗುತ್ತದೆ, ಎಷ್ಟು ಹೊತ್ತು ಒದಗುತ್ತದೆ ಎಂದು ಲೆಕ್ಕ ಹಾಕುವುದು ಸಾಧ್ಯ. ಆ ಲೆಕ್ಕವನ್ನು ಕಾವೇರಿಗೆ ಮಾಡಬೇಕು, ಮಾಡಿದ ಮೇಲೆ ನೀರು ಬಿಡುವ ನಿಯಮಕ್ಕೆ ಸೇರಿಸಬೇಕು ಎಂದು ಒತ್ತಾಯಿಸಲು ಈ ಪತ್ರ ಬರೆಯುತ್ತಿದ್ದೇವೆ.

ಮೀನೆಂದರೆ ಇಲ್ಲಿ ನಮ್ಮ ಬಿಳಿಮೀನು, ಬೆನ್ನಿನ ಮೇಲೆ ಡುಬ್ಬವಿರುವ ಕಾವೇರಿಯ ಮಹಶೀರ್. ಜಗತ್ತಿನಲ್ಲಿ ಕಾವೇರಿ ಕಣಿವೆ ಬಿಟ್ಟರೆ ಬೇರೆಲ್ಲೂ ಇದಿಲ್ಲ. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕ ಒಂದು ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೊ ತೂಗಿತ್ತು. ಇಷ್ಟು ದೊಡ್ಡ, ಇಷ್ಟು ಹೆಸರುವಾಸಿಯಾದ ಮೀನಿನ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ‘ಅಳಿವಿನ ತೀರಾ ಅಂಚಿನಲ್ಲಿರುವ’ ಜೀವಿಗಳ ಸಾಲಿಗೂ ಸೇರಿತು. ಅದರ ಜಾಗದಲ್ಲಿ ಈಗ ಹೆಚ್ಚಾಗಿ ಕಾಣುವುದು ನೀಲಿರೆಕ್ಕೆಯ ಮಹಶೀರ್. ಲೋನಾವಳದ ಮರಿ ಉತ್ಪಾದನಾ ಕೇಂದ್ರದ ತಳಿಯನ್ನು 1970ರ ದಶಕದ ಕೊನೆಯಿಂದ ಕಾವೇರಿಗೆ ಬಿಡುತ್ತಾ ಬಂದದ್ದರ ಫಲ ಅದು. ಸಿಡಿಮದ್ದು ಹಾಕಿ ಹಿಡಿಯುವುದು, ಮರಳು ಎತ್ತುವುದು, ಹೊರಗಿನ ಮೀನು ಬಿಡುವುದು, ಇವೆಲ್ಲ ಗೊತ್ತಿರುವ ಕಾರಣಗಳು. ನೀರಿನ ಏರಿಳಿತದ ಬಗ್ಗೆ ಮಾತ್ರ ನಾವು ಯಾರೂ ಸರಿಯಾಗಿ ಮಾತನಾಡಿಲ್ಲ.

ಪರಿಸರಕ್ಕೆಂದು ಕಾವೇರಿಯಲ್ಲಿ ನೀರು ಇಟ್ಟಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಇಟ್ಟಿದೆ ನಿಜ. ಕಾವೇರಿ ಜಲವಿವಾದ ನ್ಯಾಯಮಂಡಳಿಯ 2007ರ ಅಂತಿಮ ತೀರ್ಪಿನಲ್ಲಿ ಪರಿಸರಕ್ಕೆ 10 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಎಂದಿದೆ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ಗಡಿಯ ಬಿಳಿಗುಂಡ್ಲು ಮಾಪನ ಕೇಂದ್ರದಲ್ಲಿ ಹರಿಸಬೇಕಾದ ವಾರ್ಷಿಕ ಪ್ರಮಾಣವನ್ನು 177.25 ಟಿಎಂಸಿಗೆ ಇಳಿಸಿದಾಗಲೂ ಈ 10 ಟಿಎಂಸಿ ಹಾಗೇ ಉಳಿಯಿತು. ಅದನ್ನು ಹಂಚಿರುವ ರೀತಿ ನೋಡಿ: ಫೆಬ್ರುವರಿ, ಮಾರ್ಚ್, ಏಪ್ರಿಲ್, ಮೇ, ತಿಂಗಳಿಗೆ ತಲಾ 2.5 ಟಿಎಂಸಿ. ಮಹಶೀರ್ ಕುಲದ ಮೀನುಗಳು ಮೊಟ್ಟೆ ಇಡುವುದು ಮುಂಗಾರು ಮತ್ತು ಅದರ ಬೆನ್ನಿಗೆ ಬರುವ ತಿಂಗಳುಗಳಲ್ಲಿ. ಜೂನ್‌ನಿಂದ ಅಕ್ಟೋಬರ್‌ವರೆಗಿನ ತಿಂಗಳ ಅಂಕಿಗಳೆಲ್ಲ ಬೆಳೆಗೆ ನೀರು ಹಂಚುವ ಲೆಕ್ಕದಿಂದ ಬಂದವು. ಪರಿಸರದ ಪಾಲಿನ ಆ ನೀರು ಬೇಸಿಗೆಯಲ್ಲಿ ಮಡುಗಳಲ್ಲಿ ಉಳಿದುಕೊಂಡ ದೊಡ್ಡ ಮೀನಿಗೆ ಆಸರೆಯಾದೀತು, ಅದಕ್ಕೂ ಬೆಲೆಯಿದೆ. ಮೊಟ್ಟೆಗೆ ಮತ್ತು ಮರಿಗೆ ಮಾತ್ರ ಅದರಲ್ಲಿ ಏನೂ ಇಲ್ಲ.

ಬೇಸಿಗೆಯ ಆ 2.5 ಟಿಎಂಸಿಯನ್ನೇ ಬಿಡಿಸಿ ನೋಡಿದರೆ ಇನ್ನೊಂದು ತೊಡಕು ಕಾಣುತ್ತದೆ. 30 ದಿನದ ತಿಂಗಳಿಗೆ ಭಾಗಿಸಿದರೆ ಅದು ಸುಮಾರು 965 ಕ್ಯುಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ), ಅಂದರೆ ಸೆಕೆಂಡಿಗೆ 27 ಘನ ಮೀಟರ್‌ಗೆ ತುಸು ಮೇಲೆ. ದಿನದ 24 ಗಂಟೆಯೂ ಒಂದೇ ಸಮನೆ 965 ಕ್ಯುಸೆಕ್ ಹರಿದರೂ ತಿಂಗಳ ಕೊನೆಗೆ 2.5 ಟಿಎಂಸಿ ಆಗುತ್ತದೆ. ದಿನಕ್ಕೆ ಆರು ಗಂಟೆ ಮಾತ್ರ 3,860 ಕ್ಯುಸೆಕ್ ಹರಿದು ಉಳಿದ 18 ಗಂಟೆ ನದಿ ಒಣಗಿದ್ದರೂ 2.5 ಟಿಎಂಸಿಯೇ ಆಗುತ್ತದೆ. ತೀರ್ಪಿನ ಪ್ರಕಾರ ಎರಡೂ ಸರಿ. ಎರಡನೆಯದರಲ್ಲಿ ಅಂಚಿನ ನೀರಿನಲ್ಲಿರುವ ಮರಿ ದಿನಕ್ಕೊಂದು ಸಲ ಕಲ್ಲಿನ ಮೇಲೆ ಸಾಯುತ್ತದೆ. ಇದಲ್ಲದೆ ಅಳತೆ ನಡೆಯುವುದು ಕೆಳಗೆ ಬಿಳಿಗುಂಡ್ಲುವಿನಲ್ಲಿ. ಅಷ್ಟರಲ್ಲಿ ಶಿಂಷಾ ಬಂದು ಸೇರಿರುತ್ತದೆ, ಸಂಗಮದಲ್ಲಿ ಅರ್ಕಾವತಿ ಸೇರಿರುತ್ತದೆ. ಅರ್ಕಾವತಿಯ ಜೊತೆಗೆ ವೃಷಭಾವತಿ ಹೊತ್ತು ತಂದ ಬೆಂಗಳೂರಿನ ಕೊಳಚೆ ನೀರೂ ಇರುತ್ತದೆ. ಮೇಲೆ ಕಾಲುವೆಗೆ ನೀರು ತಿರುಗಿಸಿಕೊಂಡ ಕಡೆ ನದಿಯ ಪಾತ್ರ ಬರೀ ಬಂಡೆಯಾಗಿದ್ದರೂ ಕೆಳಗಿನ ಮಾಪಕದಲ್ಲಿ ‘ಪರಿಸರದ ನೀರು’ ಪೂರ್ತಿ ಸಂದಾಯವಾದಂತೆ ಕಾಣುತ್ತದೆ.

ಮೊಟ್ಟೆಯ ಮಾತಿಗೆ ಬರೋಣ. ಮಹಶೀರ್ ಮೊಟ್ಟೆ ಹೊನ್ನಿನ ಬಣ್ಣದ್ದು, ನೀರು ಹೀರಿ ಉಬ್ಬಿದಾಗ ಸುಮಾರು 3 ಮಿಲಿಮೀಟರ್, ಹೆಚ್ಚು ಕಡಿಮೆ ಒಂದು ಸಾಸಿವೆ ಕಾಳಿಗಿಂತ ತುಸು ದಪ್ಪ. ಅದು ತೇಲುವುದಿಲ್ಲ, ತಳಕ್ಕೆ ಇಳಿದು ಉರುಟುಗಲ್ಲಿನ ಸಂದಿಯಲ್ಲಿ ಕೂರುತ್ತದೆ. ನೀರಿನ ಬಿಸಿ 24ರಿಂದ 28 ಡಿಗ್ರಿ ಇದ್ದರೆ ಒಡೆಯಲು ಮೂರು–ನಾಲ್ಕು ದಿನ ಬೇಕು. ಒಡೆದ ಮೇಲೂ ಮರಿ ಈಜುವುದಿಲ್ಲ. ಹೊಟ್ಟೆಯಡಿ ಹಳದಿ ಚೀಲ ಹೊತ್ತುಕೊಂಡು, ಬೆಳಕಿಗೆ ಬೆನ್ನು ಕೊಟ್ಟು, ಕಲ್ಲಿನ ಮೂಲೆಗೆ ತಲೆ ತೂರಿಸಿ, ವಾರಕ್ಕೂ ಹೆಚ್ಚು ಕಾಲ ಗುಂಪುಗುಂಪಾಗಿ ಬಿದ್ದಿರುತ್ತದೆ. ಅಂದರೆ ಮೊಟ್ಟೆ ಬಿದ್ದ ಕ್ಷಣದಿಂದ ಮರಿ ತಾನಾಗಿ ಈಜುವವರೆಗೆ ಸುಮಾರು ಎರಡು ವಾರ ಆ ಕಲ್ಲಿನ ಮೇಲೆ ನೀರು ಇರಲೇಬೇಕು. ಆ ನೀರು ನಿಂತಿರಬಾರದು, ಉಸಿರಿಗೆ ಬೇಕಾದಷ್ಟು ಹರಿಯುತ್ತಿರಬೇಕು. ಕಲ್ಲನ್ನೇ ಎತ್ತಿ ಉರುಳಿಸುವಷ್ಟು ರಭಸವೂ ಇರಬಾರದು. ಸಂದಿಗಳಲ್ಲಿ ಕೆಸರು ತುಂಬಿರಬಾರದು. ದೊಡ್ಡ ಮೀನು ನೀರಿನ ಜೊತೆ ಜಾಗ ಬದಲಿಸಬಲ್ಲದು, ಮೊಟ್ಟೆಗೆ ಆ ಅವಕಾಶವಿಲ್ಲ. ನದಿಯ ಹರಿವನ್ನು ಲೆಕ್ಕದಲ್ಲಿ ಮೂಡಿಸುವ ಮಾದರಿ ಮಾಡುವವರು ಹೆಚ್ಚಾಗಿ ಎಡವುವುದು ಇಲ್ಲೇ.

ಒಂದು ಸರಳ ಲೆಕ್ಕ ಹೇಳುತ್ತೇವೆ. ಯಾವ ಊರಿನದ್ದೂ ಅಲ್ಲದ, ಲೆಕ್ಕಕ್ಕೆಂದೇ ಇಟ್ಟುಕೊಂಡ ಪಾತ್ರ ಇದು: ಅಗಲ 100 ಮೀಟರ್, ಇಳಿಜಾರು ಸಾವಿರಕ್ಕೆ 1.3, ಕಲ್ಲುಬಂಡೆಯ ತಳಕ್ಕೆ ಒಪ್ಪುವ ಮ್ಯಾನಿಂಗ್ ಒರಟುತನ (ತಳ ನೀರನ್ನು ಎಷ್ಟು ತಡೆಯುತ್ತದೆ ಎಂಬುದರ ಅಂಕಿ) 0.05. ಇಲ್ಲಿ 5 ಸಾವಿರ ಕ್ಯುಸೆಕ್ ಹರಿದರೆ ಸರಾಸರಿ ಆಳ ಒಂದೂವರೆ ಮೀಟರ್ ಆಗುತ್ತದೆ. ಅದನ್ನು 3 ಸಾವಿರ ಕ್ಯುಸೆಕ್‌ಗೆ ಇಳಿಸಿ, ಆಳ 1.10 ಮೀಟರ್‌ಗೆ ಬರುತ್ತದೆ. ನೀರಿನ ಮಟ್ಟ 40 ಸೆಂಟಿಮೀಟರ್ ಇಳಿಯಿತು. 5 ಸಾವಿರ ಹರಿಯುವಾಗ 35 ಸೆಂಟಿಮೀಟರ್ ನೀರಿದ್ದ ದಂಡೆಯ ಉರುಟುಗಲ್ಲಿನ ಹಾಸಿನಲ್ಲಿ ಮೊಟ್ಟೆ ಬಿದ್ದಿದ್ದರೆ ಅದು ಈಗ ಬಿಸಿಲಿಗೆ ಬಿದ್ದಿದೆ. 2023ರ ಮಳೆ ಕೊರತೆಯ ವರ್ಷವನ್ನು ನೆನಪಿಸಿಕೊಳ್ಳಿ. ಆಗಸ್ಟ್ ಕೊನೆಯಲ್ಲಿ 15 ದಿನ 5 ಸಾವಿರ ಕ್ಯುಸೆಕ್, ಸೆಪ್ಟೆಂಬರ್ ಕೊನೆಯಲ್ಲಿ 3 ಸಾವಿರ ಕ್ಯುಸೆಕ್ ಎಂದು ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದ ಆದೇಶಗಳು ಬಂದವು. ಎರಡೂ ರಾಜ್ಯಗಳಲ್ಲಿ ಬೀದಿಗಿಳಿದು ಜನ ಆ ಅಂಕಿಗಳ ಮೇಲೆ ಹೋರಾಡಿದರು. ರೈತರ ಆತಂಕ ಸಣ್ಣದೆಂದು ನಾವು ಹೇಳುತ್ತಿಲ್ಲ. ಒಂದು ಅಂಕಿಯಿಂದ ಇನ್ನೊಂದು ಅಂಕಿಗೆ ಇಳಿಯುವಾಗ ಎಷ್ಟು ಗಂಟೆಯಲ್ಲಿ ಇಳಿಯಬೇಕೆಂದು ಒಂದು ಸಾಲು ಬರೆದರೆ ರೈತನಿಗೂ ನಷ್ಟವಿಲ್ಲ, ತಮಿಳುನಾಡಿಗೂ ನಷ್ಟವಿಲ್ಲ. ಹನಿ ನೀರೂ ಹೆಚ್ಚು ಬೇಕಿಲ್ಲ, ಗೇಟು ತಿರುಗಿಸುವ ವೇಳಾಪಟ್ಟಿ ಬದಲಾದರೆ ಸಾಕು.

ಇಳಿಸುವ ವೇಗದ ಬಗ್ಗೆ ನಾರ್ವೆಯಲ್ಲಿ ನಡೆದ ಪ್ರಯೋಗ ಒಂದು ದಾರಿ ತೋರಿಸಿದೆ. ನೀರಿನ ಮಟ್ಟವನ್ನು ಗಂಟೆಗೆ 10 ಸೆಂಟಿಮೀಟರ್‌ಗಿಂತ ನಿಧಾನವಾಗಿ ಇಳಿಸಿದರೆ ಟ್ರೌಟ್ ಮರಿಗಳು ದಂಡೆಯಲ್ಲಿ ಸಿಕ್ಕಿಬೀಳುವುದು ಗಣನೀಯವಾಗಿ ಕಡಿಮೆಯಾಯಿತು. ಟ್ರೌಟ್ ತಣ್ಣೀರಿನ ಮೀನು, ಮಹಶೀರ್ ಅಲ್ಲ, ಹಾಗಾಗಿ ಆ 10 ಅನ್ನೇ ಇಲ್ಲಿಗೆ ತಂದು ಕೂರಿಸಬಾರದು. ಆರಂಭಕ್ಕೆ ಗಂಟೆಗೆ 5 ಸೆಂಟಿಮೀಟರ್ ಎಂದು ಇಟ್ಟುಕೊಂಡರೆ ಮೇಲಿನ 40 ಸೆಂಟಿಮೀಟರ್ ಇಳಿತಕ್ಕೆ ಎಂಟು ಗಂಟೆ ಬೇಕಾಗುತ್ತದೆ. ಈಜಬಲ್ಲ ಮರಿಗೆ ಅಷ್ಟು ಸಮಯ ಸಾಕು. ಮೊಟ್ಟೆಗೆ ಮತ್ತು ಚೀಲ ಹೊತ್ತ ಮರಿಗೆ ಎಂಟು ಗಂಟೆಯೂ ಉಪಯೋಗವಿಲ್ಲ. ಅವುಗಳಿಗೆ ಬೇಕಿರುವುದು ಎರಡು ವಾರದ ತಳಮಟ್ಟ, ಅಂದರೆ ಇದಕ್ಕಿಂತ ಕೆಳಗೆ ಇಳಿಸುವುದಿಲ್ಲ ಎಂಬ ಗೆರೆ. ಆ ಗೆರೆ ಎಷ್ಟು ಕ್ಯುಸೆಕ್‌ನಲ್ಲಿ ಇರಬೇಕು ಎಂಬುದನ್ನು ಊಹೆಯಿಂದ ಹೇಳಲಾಗದು. ಅದಕ್ಕೇ ಮಾದರಿ ಬೇಕು.

ಮಾದರಿ ಎಂದರೆ ಗಣಕಯಂತ್ರದಲ್ಲಿ ಬಣ್ಣದ ನಕ್ಷೆ ಬಿಡಿಸುವುದು ಎಂಬ ಭಾವನೆ ಹಲವು ಕಚೇರಿಗಳಲ್ಲಿದೆ. ಕೆಲಸದ ಮುಕ್ಕಾಲು ಪಾಲು ನದಿಯಲ್ಲೇ ನಡೆಯುತ್ತದೆ. ಪಾತ್ರದ ಅಗಲದ 10ರಿಂದ 15 ಪಟ್ಟು ಉದ್ದದ ತುಣುಕನ್ನು ಆರಿಸಿಕೊಳ್ಳಬೇಕು. 100 ಮೀಟರ್ ಅಗಲವಿದ್ದರೆ ಒಂದರಿಂದ ಒಂದೂವರೆ ಕಿಲೊಮೀಟರ್. ಅಷ್ಟಾದರೆ ಒಂದೆರಡು ಮಡು, ಒಂದೆರಡು ಸೆಳವಿನ ಜಾಗ, ನಡುವಿನ ಕಲ್ಲುಹಾಸು ಎಲ್ಲವೂ ಒಳಗೆ ಬರುತ್ತವೆ. ಮಾರ್ಚ್–ಏಪ್ರಿಲ್‌ನಲ್ಲಿ ನೀರು ಇಳಿದಾಗ ಡ್ರೋನ್‌ನಿಂದ ಬಂಡೆಗಳ ಚಿತ್ರ ತೆಗೆಯಬೇಕು. ಕಾವೇರಿ ವನ್ಯಧಾಮದ ಒಳಗೆ ಇದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅದಕ್ಕೆ ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಿರಬೇಕು. ತಿಳಿನೀರಿನ ಅಡಿಯ ತಳ ಚಿತ್ರದಲ್ಲಿ ಕಂಡರೂ ಬೆಳಕು ಬಾಗುವುದರಿಂದ ಆಳ ಕಡಿಮೆಯೆಂದು ತೋರುತ್ತದೆ. ಅದನ್ನು 1.34ರಿಂದ ಗುಣಿಸಿ ಸರಿಪಡಿಸದಿದ್ದರೆ ಒಂದು ಮೀಟರಿನ ಗುಂಡಿ 75 ಸೆಂಟಿಮೀಟರ್ ಎಂದು ನಕ್ಷೆಗೆ ಹೋಗುತ್ತದೆ. ಆಳದ ಮಡುವಿಗೆ ಹರಿಗೋಲಿಗೆ ಕಟ್ಟಿದ ಧ್ವನಿ ಮಾಪಕವೇ ಗತಿ. ಉಪಗ್ರಹದಿಂದ ಬಂದ 30 ಮೀಟರ್ ಚೌಕಗಳ ಭೂಮೇಲ್ಮೈ ನಕ್ಷೆಯನ್ನು ಇಳಿಸಿಕೊಂಡು ಇದೇ ನದಿ ತಳ ಎಂದು ಸಲ್ಲಿಸುವ ವರದಿಗಳನ್ನು ಒಪ್ಪಬಾರದು. ಆ ನಕ್ಷೆಗೆ ನೀರಿನ ಕೆಳಗಿನದು ಗೊತ್ತೇ ಇರುವುದಿಲ್ಲ.

ವೇಗದ ಅಳತೆಗೆ ಹಳೆಯ ನಿಯಮವೇ ಚೆನ್ನಾಗಿದೆ: ಮುಕ್ಕಾಲು ಮೀಟರ್‌ಗಿಂತ ಕಡಿಮೆ ಆಳವಿದ್ದರೆ ಮೇಲಿನಿಂದ ಆಳದ 0.6 ಭಾಗದಲ್ಲಿ ಒಂದು ಅಳತೆ, ಹೆಚ್ಚಿದ್ದರೆ 0.2 ಮತ್ತು 0.8 ಭಾಗಗಳಲ್ಲಿ ಎರಡು ಅಳತೆ ತೆಗೆದು ಸರಾಸರಿ. ಇದು ನೀರಿನ ಸರಾಸರಿ ವೇಗ ಕೊಡುತ್ತದೆ. ಕಲ್ಲಿನ ಸಂದಿಯ ಮೊಟ್ಟೆಗೆ ತಟ್ಟುವುದು ತಳದ ವೇಗ, ಆದ್ದರಿಂದ ಮೊಟ್ಟೆಯ ಜಾಗಗಳಲ್ಲಿ ತಳದ ಹತ್ತಿರ ಇನ್ನೊಂದು ಅಳತೆ ತೆಗೆಯುವುದು ಒಳ್ಳೆಯದು. ಕಲ್ಲಿನ ಗಾತ್ರಕ್ಕೆ ಕಣ್ಣಂದಾಜು ಸಾಲದು. ಹಾಸಿನ ಮೇಲೆ ಅಡ್ಡಾದಿಡ್ಡಿ ನಡೆದು, ನೋಡದೆ ಬೆರಳಿಗೆ ಮೊದಲು ತಾಗಿದ ಕಲ್ಲನ್ನು ಎತ್ತಿ, ಅದರ ಉದ್ದವನ್ನೂ ದಪ್ಪವನ್ನೂ ಬಿಟ್ಟು ನಡುವಣ ಅಗಲವನ್ನು ಅಳೆಯಬೇಕು. ಹೀಗೆ ನೂರು ಕಲ್ಲು. ಪ್ರತಿ ಕಲ್ಲು ಎಷ್ಟು ಭಾಗ ಕೆಸರಿನಲ್ಲಿ ಹೂತಿತ್ತು ಎಂಬುದನ್ನೂ ಬರೆದುಕೊಳ್ಳಬೇಕು. ಎತ್ತುವಾಗ ಕಲ್ಲು ಸಲೀಸಾಗಿ ಬಂತೋ, ಅಂಟಿಕೊಂಡಿತ್ತೋ ಎಂಬ ಆ ಒಂದು ವ್ಯತ್ಯಾಸವೇ ಹಾಸು ಜೀವಂತವಾಗಿದೆಯೋ ಇಲ್ಲವೋ ಎಂದು ಹೇಳಿಬಿಡುತ್ತದೆ.

ನೀರಿನ ಮಟ್ಟ ಬರೆದಿಡುವ ಒತ್ತಡ ಮಾಪಕಗಳನ್ನು ತುಣುಕಿನ ಮೇಲೆ, ನಡುವೆ, ಕೆಳಗೆ ಬಂಡೆಗೆ ಬಿಗಿಯಬೇಕು, 15 ನಿಮಿಷಕ್ಕೊಂದು ದಾಖಲೆ. ಇವು ನೀರಿನ ಜೊತೆ ಗಾಳಿಯ ಒತ್ತಡವನ್ನೂ ಅಳೆಯುತ್ತವೆ. ಒಂದು ಹೆಕ್ಟೊಪ್ಯಾಸ್ಕಲ್ ಗಾಳಿಯ ಒತ್ತಡ ಹೆಚ್ಚೂಕಡಿಮೆ ಒಂದು ಸೆಂಟಿಮೀಟರ್ ನೀರಿಗೆ ಸಮ. ದಡದ ಮರದಲ್ಲಿ ಗಾಳಿ ಒತ್ತಡಕ್ಕೆಂದೇ ಇನ್ನೊಂದು ಮಾಪಕ ಇಟ್ಟು ಕಳೆಯದಿದ್ದರೆ ಹವೆ ಬದಲಾದಾಗಲೆಲ್ಲ ನದಿ ಏರಿಳಿದಂತೆ ಕಾಣುತ್ತದೆ. ಗಂಟೆಗೆ 5 ಸೆಂಟಿಮೀಟರ್ ಮಿತಿಯ ಬಗ್ಗೆ ಮಾತನಾಡುವಾಗ ಅಂಥ ತಪ್ಪಿಗೆ ಜಾಗವಿಲ್ಲ.

ಶಿವನಸಮುದ್ರದ ಕೆಳಗೆ ಕಾವೇರಿ ಬಂಡೆಗಳ ನಡುವೆ ಹಲವು ಕವಲಾಗಿ ಒಡೆದು ಕೂಡುತ್ತದೆ. ಅಡ್ಡಸೀಳುಗಳನ್ನು ಮಾತ್ರ ಬಳಸುವ ಏಕ ಆಯಾಮದ ಮಾದರಿ ಇಲ್ಲಿ ಸೋಲುತ್ತದೆ, ಯಾಕೆಂದರೆ ಅದು ಎಲ್ಲ ಕವಲಿಗೂ ಒಂದೇ ನೀರಿನ ಮಟ್ಟ ಎಂದು ಭಾವಿಸುತ್ತದೆ. ಎರಡು ಆಯಾಮದ ಮಾದರಿ ಬೇಕು. ಅಮೆರಿಕದ ಸೇನಾ ಎಂಜಿನಿಯರ್‌ಗಳ ಹೆಕ್-ರಾಸ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅದನ್ನು ಕಲಿಸುತ್ತಾರೆ ಕೂಡ. ಲೆಕ್ಕಕ್ಕಾಗಿ ನದಿಯನ್ನು ಚೌಕಗಳಾಗಿ ಒಡೆಯುವಾಗ ಕಲ್ಲುಹಾಸಿನ ಮೇಲೆ ಒಂದೆರಡು ಮೀಟರಿನ ಚೌಕ, ಮಡುವಿನಲ್ಲಿ ಐದು ಮೀಟರಿನದು ಸಾಕು. ಚೌಕಕ್ಕಿಂತ ದೊಡ್ಡ ಬಂಡೆಯನ್ನು ತಳದ ಆಕಾರದಲ್ಲೇ ಕೊಡಬೇಕು, ಚಿಕ್ಕದನ್ನು ಒರಟುತನದ ಅಂಕಿಯಲ್ಲಿ ಅಡಗಿಸಬೇಕು. ಎರಡೂ ಕಡೆ ಕೊಟ್ಟರೆ ಒಂದೇ ಬಂಡೆ ಎರಡು ಸಲ ನೀರನ್ನು ತಡೆದಂತಾಗುತ್ತದೆ. ಎರಡು ಮೀಟರ್ ಚೌಕ, ಸೆಕೆಂಡಿಗೆ ಎರಡು ಮೀಟರ್ ವೇಗ ಇದ್ದರೆ ಲೆಕ್ಕದ ಒಂದೊಂದು ಸಮಯದ ಹೆಜ್ಜೆ ಒಂದು ಸೆಕೆಂಡ್ ಮೀರಬಾರದು.

ಮಾದರಿಯ ಉತ್ತರವನ್ನು ನಿಜವಾದ ನದಿಗೆ ಹೊಂದಿಸಲು ಕನಿಷ್ಠ ಮೂರು ಹರಿವುಗಳಲ್ಲಿ ಅಳತೆ ಬೇಕು. ಸುಮಾರು 1 ಸಾವಿರ, 3 ಸಾವಿರ, 5 ಸಾವಿರ ಕ್ಯುಸೆಕ್ ಎಂದಿಟ್ಟುಕೊಳ್ಳಿ. ಈ ವಿದ್ಯೆಯಲ್ಲಿ ಬಹುಕಾಲದಿಂದ ಬಂದ ರೂಢಿಯಂತೆ, ಅಳೆದ ಅತಿ ಕಡಿಮೆ ಹರಿವಿನ 0.4 ಪಟ್ಟಿನಿಂದ ಅತಿ ಹೆಚ್ಚಿನದರ 2.5 ಪಟ್ಟಿನವರೆಗೆ ಮಾದರಿಯನ್ನು ನಂಬಬಹುದು. ಅಂದರೆ 400ರಿಂದ 12,500 ಕ್ಯುಸೆಕ್. ಒಂದೇ ಒಂದು ದಿನದ ಅಳತೆಯಿಂದ ಇಡೀ ವರ್ಷದ ಶಿಫಾರಸು ಬರೆದ ವರದಿ ಕೈಗೆ ಬಂದರೆ ಹಿಂದಿರುಗಿಸುವುದೇ ಸರಿ.

ಇನ್ನು ನೆಲೆಯ ಲೆಕ್ಕ, ಅಂದರೆ ಮೊಟ್ಟೆಗೆ ಒಪ್ಪುವ ಜಾಗ ಎಷ್ಟು ಎಂಬ ಲೆಕ್ಕ. ಪ್ರತಿ ಚೌಕಕ್ಕೂ ಆಳ, ವೇಗ, ತಳದ ಕಲ್ಲು, ಈ ಮೂರಕ್ಕೆ ಸೊನ್ನೆಯಿಂದ ಒಂದರವರೆಗೆ ಅಂಕ ಕೊಟ್ಟು, ಅವನ್ನು ಒಂದೇ ಅಂಕವಾಗಿ ಸೇರಿಸಿ, ಚೌಕದ ವಿಸ್ತೀರ್ಣದಿಂದ ಗುಣಿಸಿ ಕೂಡುತ್ತಾರೆ. ಸೇರಿಸುವ ರೀತಿಯಲ್ಲೇ ಅಪಾಯವಿದೆ. ಆಳಕ್ಕೆ 0.8, ವೇಗಕ್ಕೆ 0.6, ತಳ ಬರೀ ಬೋಳು ಬಂಡೆಯಾದ್ದರಿಂದ 0 ಎಂದುಕೊಳ್ಳಿ. ಸರಾಸರಿ ತೆಗೆದರೆ 0.47, ಅರ್ಧದಷ್ಟು ಒಳ್ಳೆಯ ಜಾಗ! ಬೋಳು ಬಂಡೆಯ ಮೇಲೆ ಯಾವ ಮೊಟ್ಟೆಯೂ ನಿಲ್ಲುವುದಿಲ್ಲ. ಗುಣಿಸಿದರೆ ಅಥವಾ ಮೂರರಲ್ಲಿ ಕನಿಷ್ಠವನ್ನು ತೆಗೆದುಕೊಂಡರೆ ಸೊನ್ನೆ ಬರುತ್ತದೆ, ಅದೇ ಸತ್ಯ. ಕಾವೇರಿಯ ಈ ಭಾಗದಲ್ಲಿ ಬಂಡೆಯೇ ಹೆಚ್ಚು, ಉರುಟುಗಲ್ಲಿನ ಹಾಸು ಅಲ್ಲೊಂದು ಇಲ್ಲೊಂದು. ಸರಾಸರಿ ತೆಗೆಯುವ ಮಾದರಿ ಇಡೀ ನದಿಯನ್ನೇ ಮೊಟ್ಟೆಮನೆ ಎಂದು ತೋರಿಸಿಬಿಡುತ್ತದೆ.

ಅದಕ್ಕಿಂತ ದೊಡ್ಡ ತಪ್ಪು ದಿನದಿನಕ್ಕೆ ಪ್ರತ್ಯೇಕ ಲೆಕ್ಕ ಹಾಕುವುದು. ಸೋಮವಾರ ಬಲದಂಡೆಯಲ್ಲಿ ಒಂದು ಸಾವಿರ ಚದರ ಮೀಟರ್ ಒಳ್ಳೆಯ ಜಾಗ, ಗುರುವಾರ ನೀರು ಇಳಿದು ನಡುಪಾತ್ರದಲ್ಲಿ ಒಂದು ಸಾವಿರ ಚದರ ಮೀಟರ್ ಒಳ್ಳೆಯ ಜಾಗ. ಮೊತ್ತ ಬದಲಾಗಲಿಲ್ಲ, ವರದಿಯಲ್ಲಿ ಗೆರೆ ನೇರವಾಗಿದೆ, ಎಲ್ಲವೂ ಕ್ಷೇಮ ಎಂದು ಬರೆಯುತ್ತಾರೆ. ಸೋಮವಾರ ಬಲದಂಡೆಯಲ್ಲಿ ಬಿದ್ದ ಮೊಟ್ಟೆ ಗುರುವಾರ ನಡುಪಾತ್ರಕ್ಕೆ ನಡೆದು ಹೋಗಲಾರದು. ಆದ್ದರಿಂದ ಪ್ರತಿ ಚೌಕಕ್ಕೂ ಮೊಟ್ಟೆ ಇಟ್ಟ ದಿನದಿಂದ ಎರಡು ವಾರದ ಉದ್ದಕ್ಕೂ ಇದ್ದ ಅತಿ ಕಡಿಮೆ ಅಂಕವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಅದೂ ದಿನದ ಸರಾಸರಿಯಲ್ಲಿ ಅಲ್ಲ, ಗಂಟೆಯ ಲೆಕ್ಕದಲ್ಲಿ. ಹೀಗೆ ಮಾಡಿದಾಗ ಉಳಿಯುವ ಜಾಗ ಎಷ್ಟು ಎಂಬುದೇ ನಮಗೆ ಬೇಕಾದ ಉತ್ತರ. ಮೇಲೆ ಗೇಟು ಇಳಿಸಿದಾಗ ಆ ಇಳಿತ ಕೆಳಕ್ಕೆ ಹೋಗುತ್ತಾ ಮಂದವಾಗುತ್ತದೆ ಕೂಡ. ಹಾಗಾಗಿ ಮಿತಿಯನ್ನು ಅಣೆಕಟ್ಟೆಯ ಬಾಗಿಲಲ್ಲಿ ಅಳೆಯದೆ ಕಲ್ಲುಹಾಸು ಇರುವ ಕಡೆ ಅಳೆಯಬೇಕು, ನಡುವಿನ ದಾರಿಗೆ ಸಮಯದ ಜೊತೆ ಬದಲಾಗುವ ಹರಿವಿನ ಲೆಕ್ಕ ಹಾಕಬೇಕು.

ಅಂಕಗಳು ಎಲ್ಲಿಂದ ಬರಬೇಕು? ಹಿಮಾಲಯದ ಹೊನ್ನಿನ ಮಹಶೀರ್‌ಗೆ ತಯಾರಿಸಿದ ಅಂಕದ ರೇಖೆಯನ್ನೋ, ತೊಟ್ಟಿಯಲ್ಲಿ ಸಾಕಿದ ನೀಲಿರೆಕ್ಕೆಯ ಮೀನಿನ ಅನುಭವವನ್ನೋ ತಂದು ಅಂಟಿಸಿದರೆ ಕೆಲಸ ಬೇಗ ಮುಗಿಯುತ್ತದೆ, ಉತ್ತರ ಬೇರೆ ಮೀನಿನದಾಗುತ್ತದೆ. ಅಳಿವಿನಂಚಿನ ಮೀನಾದ್ದರಿಂದ ಹಿಡಿದು ಕೊಂದು ನೋಡುವಂತಿಲ್ಲ. ರೇಡಿಯೊ ಗುರುತು ಕಟ್ಟಿದ ಕೆಲವೇ ದೊಡ್ಡ ಮೀನು, ನೀರೊಳಗಿನ ಕ್ಯಾಮೆರಾ, ಸೆಳವಿಗೆ ಅಡ್ಡ ಒಡ್ಡುವ ಸಣ್ಣ ಕಣ್ಣಿನ ಬಲೆಯಲ್ಲಿ ಸಿಗುವ ಮರಿ, ಇವುಗಳಿಂದ ಆರಂಭಿಸಬಹುದು. ಮರಿಗಳನ್ನು ಕಣ್ಣಿನಿಂದ ನೋಡಿ ಇದು ಬಿಳಿಮೀನು, ಇದು ನೀಲಿರೆಕ್ಕೆ ಎಂದು ಹೇಳುವುದು ಸುರಕ್ಷಿತವಲ್ಲ, ಡಿಎನ್‌ಎ ಪರೀಕ್ಷೆ ಮಾಡಿಸಲೇಬೇಕು. ನದಿಯಿಂದ ತೆಗೆದ ನೀರಿನಲ್ಲೇ ಡಿಎನ್‌ಎ ಹುಡುಕುವ ವಿಧಾನ ಮೀನು ಈ ಭಾಗದಲ್ಲಿದೆ ಎಂದು ಹೇಳೀತು, ಆದರೆ ಅದು ಹರಿವಿನ ಜೊತೆ ಕೆಳಕ್ಕೆ ಬರುವುದರಿಂದ ಮೊಟ್ಟೆ ಎಲ್ಲಿ ಎಂದು ಹೇಳಲಾರದು. ಇವೆಲ್ಲಕ್ಕಿಂತ ಮೊದಲು ನದಿಯಂಚಿನ ಮೀನುಗಾರರನ್ನೂ, ಹಿಂದೆ ಗಾಳದ ಶಿಬಿರಗಳಲ್ಲಿ ಹರಿಗೋಲು ಹಾಕುತ್ತಿದ್ದವರನ್ನೂ ಕೂರಿಸಿಕೊಂಡು ಕೇಳಬೇಕು. ‘ಮೊಣಕಾಲುದ್ದ ನೀರು, ಸೆಳೆತ ಇರಬೇಕು, ಕಲ್ಲು ಮುಷ್ಟಿಗಿಂತ ಸಣ್ಣದು’ ಎಂಬಂಥ ಮಾತುಗಳನ್ನು ನಿಯಮಗಳಾಗಿ ಬರೆದು ಲೆಕ್ಕ ಹಾಕುವ ಅಸ್ಪಷ್ಟ ತರ್ಕದ ವಿಧಾನ ಇದೆ, ಜರ್ಮನಿಯಲ್ಲಿ ರೂಪುಗೊಂಡ ಕ್ಯಾಸಿಮಿರ್ ತಂತ್ರಾಂಶ ಅದನ್ನೇ ಬಳಸುತ್ತದೆ. ಮೀನುಗಾರರ ತಿಳಿವಳಿಕೆ ಇಲ್ಲಿ ನೇರವಾಗಿ ಅಂಕಿಯಾಗುತ್ತದೆ.

ಕಲ್ಲುಹಾಸು ತೊಳೆಯುವ ನೀರಿನ ಬಗ್ಗೆಯೂ ಎರಡು ಮಾತು. ಮೊಟ್ಟೆ ಇಡುವ ಕಾಲಕ್ಕೆ ಮೊದಲು ಒಂದು ಸಲವಾದರೂ ದೊಡ್ಡ ನೀರು ಬಂದು ಸಂದಿಗಳ ಕೆಸರು ತೆಗೆಯಬೇಕು. 4 ಸೆಂಟಿಮೀಟರಿನ ಕಲ್ಲು ಅಲುಗಲು ತಳದ ಮೇಲೆ ಚದರ ಮೀಟರಿಗೆ ಸುಮಾರು 29 ನ್ಯೂಟನ್ ಎಳೆತ ಬೇಕು. ಮೇಲೆ ಹೇಳಿದ 100 ಮೀಟರ್ ಪಾತ್ರದಲ್ಲಿ ಅದು ಸುಮಾರು 10 ಸಾವಿರ ಕ್ಯುಸೆಕ್‌ಗೆ ಸಿಗುತ್ತದೆ. ಜೂನ್–ಜುಲೈಯಲ್ಲಿ ಇಂಥ ನೀರು ಬಂದರೆ ಹಾಸು ಶುದ್ಧವಾಗುತ್ತದೆ. ಮೊಟ್ಟೆ ಬಿದ್ದ ನಾಲ್ಕನೇ ದಿನ ಗೇಟು ಎತ್ತಿ ಅದೇ ನೀರು ಬಿಟ್ಟರೆ ಕಲ್ಲಿನ ಜೊತೆ ಮೊಟ್ಟೆಯೂ ಉರುಳಿ ಹೋಗುತ್ತದೆ. ಜಲಾಶಯ ತುಂಬಿ ಪ್ರವಾಹ ಬಿಡಲೇಬೇಕಾದಾಗ ಯಾರೂ ಏನೂ ಮಾಡಲಾಗದು, ನದಿಗೆ ಪ್ರವಾಹ ಹೊಸದೂ ಅಲ್ಲ, ಮಹಶೀರ್ ಒಂದೇ ಸಲಕ್ಕೆ ಎಲ್ಲ ಮೊಟ್ಟೆ ಇಡದೆ ಕಂತು ಕಂತಾಗಿ ಇಡುವುದರಿಂದ ಒಂದು ಕಂತು ಹೋದರೂ ಇನ್ನೊಂದು ಉಳಿದೀತು. ದಿನವೂ ಏರಿ ದಿನವೂ ಇಳಿಯುವ ಕೃತಕ ನೀರು ಬಂದರೆ ಮಾತ್ರ ಯಾವ ಕಂತೂ ಉಳಿಯುವುದಿಲ್ಲ.

ಆ ಕೃತಕ ಏರಿಳಿತಕ್ಕೆ ವಿದ್ಯುತ್ತಿನ ಬೇಡಿಕೆ ಒಂದು ಕಾರಣ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಶಿವನಸಮುದ್ರದಿಂದ ವಿದ್ಯುತ್ ಹರಿದದ್ದು ನಮ್ಮ ಹೆಮ್ಮೆ. ಇಂದು ದೇಶದಲ್ಲಿ 25 ಮೆಗಾವಾಟ್‌ಗಿಂತ ಸಣ್ಣ ಜಲವಿದ್ಯುತ್ ಯೋಜನೆಗಳಿಗೆ 2006ರ ಅಧಿಸೂಚನೆಯಂತೆ ಪರಿಸರ ಪರಿಣಾಮ ಅಧ್ಯಯನವೇ ಬೇಕಿಲ್ಲ. ಸಣ್ಣದೆಂದು ಕರೆಯುವುದು ಯಂತ್ರದ ಸಾಮರ್ಥ್ಯವನ್ನು. ಬೇಸಿಗೆಯಲ್ಲಿ ಅದು ತಿರುಗಿಸಿಕೊಳ್ಳುವ ನೀರು ನದಿಯ ಬಹುಪಾಲೇ ಆಗಿರಬಹುದು. ಒಂದೇ ಹೊಳೆಯಲ್ಲಿ ಸಾಲಾಗಿ ನಾಲ್ಕು ಇದ್ದರೆ ಪ್ರತಿಯೊಂದೂ ‘ಸಣ್ಣದು’, ನಾಲ್ಕರ ಒಟ್ಟು ಪರಿಣಾಮವನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಗಂಗೆಗೆ 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಪರಿಸರ ಹರಿವಿನ ಅಧಿಸೂಚನೆ ಹೊರಡಿಸಿತು. ಹರಿದ್ವಾರದವರೆಗಿನ ಮೇಲ್ಭಾಗದಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಶೇ 20, ಅಕ್ಟೋಬರ್, ಏಪ್ರಿಲ್, ಮೇನಲ್ಲಿ ಶೇ 25, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೇ 30 ಹರಿವು ನದಿಯಲ್ಲೇ ಉಳಿಯಬೇಕು. ಶೇಕಡಾವಾರು ನಿಯಮ ಮೊಟ್ಟೆಯ ದೃಷ್ಟಿಯಿಂದ ಒರಟು ಅಳತೆ, ಗಂಟೆಯ ಏರಿಳಿತವನ್ನು ಅದೂ ಮುಟ್ಟುವುದಿಲ್ಲ. ಆದರೂ ಅಲ್ಲಿ ಮೊಟ್ಟೆ ಇಡುವ ತಿಂಗಳುಗಳಿಗೆ ಒಂದು ಅಂಕಿಯಾದರೂ ಇದೆ. ಅದೇ ಮಾದರಿಯ ಅಧಿಸೂಚನೆ ಕಾವೇರಿಗೂ ಬರಲಿ, ಶೇಕಡಾವಾರಿನಲ್ಲಿ ನಿಲ್ಲದೆ ನೆಲೆಯ ಲೆಕ್ಕದಿಂದ ಬರಲಿ.

ಮೇಕೆದಾಟು ಯೋಜನೆಯ ವಿಷಯ ಇಲ್ಲಿ ಎತ್ತದೆ ಬಿಡಲಾಗದು. 67.16 ಟಿಎಂಸಿಯ ಜಲಾಶಯ ಬಂದರೆ ಅದರ ಹಿನ್ನೀರಿನ ಸೆಳವೆಲ್ಲ ನಿಂತ ನೀರಾಗುತ್ತದೆ, ಕಲ್ಲುಹಾಸಿನ ಮೇಲೆ ಹೂಳು ಕೂರುತ್ತದೆ. ಬೆಂಗಳೂರಿಗೆ ಕುಡಿಯುವ ನೀರು ಬೇಕೆಂಬ ವಾದವನ್ನು ನಾವು ತಳ್ಳಿಹಾಕುತ್ತಿಲ್ಲ. ಪರ ಇರುವವರೂ ವಿರೋಧ ಇರುವವರೂ ಒಪ್ಪಬಹುದಾದ ಒಂದು ಬೇಡಿಕೆ ಇದು: ಯೋಜನೆಯ ಪರಿಸರ ವರದಿಯಲ್ಲಿ ಮುಳುಗಡೆಯ ಹೆಕ್ಟೇರ್ ಎಷ್ಟೆಂಬುದರ ಜೊತೆಗೆ, ಮುಳುಗುವ ಮತ್ತು ಕೆಳಗೆ ಉಳಿಯುವ ಮೊಟ್ಟೆಹಾಸುಗಳ ಚದರ ಮೀಟರ್ ಎಷ್ಟೆಂಬುದೂ, ಅದನ್ನು ಲೆಕ್ಕ ಹಾಕಿದ ಕಡತವೂ ಸಾರ್ವಜನಿಕರಿಗೆ ಸಿಗಬೇಕು.

ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ, ರಾಜ್ಯದ ಜಲಸಂಪನ್ಮೂಲ, ಅರಣ್ಯ, ಮೀನುಗಾರಿಕೆ ಮತ್ತು ಇಂಧನ ಇಲಾಖೆಗಳು ಒಟ್ಟಿಗೆ ಕೂತು ಮಾಡಬೇಕಾದದ್ದು ಬಹಳವಿಲ್ಲ. ಶಿವನಸಮುದ್ರದಿಂದ ಸಂಗಮದವರೆಗೆ ಮೂರು ತುಣುಕು ಆರಿಸಿ ಎರಡು ಮಳೆಗಾಲ, ಎರಡು ಬೇಸಿಗೆ ಅಳೆಯಲಿ. ಅಲ್ಲಿಯವರೆಗೆ ತಾತ್ಕಾಲಿಕವಾಗಿ ಜುಲೈನಿಂದ ಅಕ್ಟೋಬರ್‌ವರೆಗೆ, ಪ್ರವಾಹದ ದಿನ ಬಿಟ್ಟು, ಭೀಮೇಶ್ವರಿಯಲ್ಲಿ ನೀರಿನ ಮಟ್ಟ ಗಂಟೆಗೆ 5 ಸೆಂಟಿಮೀಟರ್‌ಗಿಂತ ವೇಗವಾಗಿ ಇಳಿಯದಂತೆ ಗೇಟುಗಳನ್ನೂ ಟರ್ಬೈನ್‌ಗಳನ್ನೂ ನಡೆಸಲಿ. ನೀಲಿರೆಕ್ಕೆ ಮಹಶೀರ್ ಮರಿ ಬಿಡುವುದನ್ನು ಕಾವೇರಿಯಲ್ಲಿ ಪೂರ್ತಿ ನಿಲ್ಲಿಸಲಿ. ಭೀಮೇಶ್ವರಿ ಮತ್ತು ಮುತ್ತತ್ತಿಯಲ್ಲಿ 15 ನಿಮಿಷದ ನೀರಿನ ಮಟ್ಟವನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಜಾಲತಾಣದಲ್ಲಿ ಹಾಕಲಿ.

ನಿಮ್ಮಲ್ಲಿಯೂ ಒಂದು ಕೋರಿಕೆ ಇದೆ. ಆ ದತ್ತಾಂಶ ಸಿಗುವಂತಾದ ದಿನ, ಜಲಾಶಯಗಳ ಪಟ್ಟಿಯಲ್ಲಿ ಕೆಆರ್‌ಎಸ್ ಮತ್ತು ಕಬಿನಿಯ ಕೆಳಗೆ ಇನ್ನೊಂದು ಸಾಲು ಸೇರಿಸಿ: ಮುತ್ತತ್ತಿ, ನಿನ್ನೆಯ ಗರಿಷ್ಠ ಮಟ್ಟ, ಕನಿಷ್ಠ ಮಟ್ಟ, ಒಂದು ಗಂಟೆಯಲ್ಲಿ ಆದ ಅತಿ ಹೆಚ್ಚಿನ ಇಳಿತ.

ಇಂತಿ,
ನದಿ ಜಲವಿಜ್ಞಾನ ಮತ್ತು ಮೀನು ಜೀವಶಾಸ್ತ್ರ ಕ್ಷೇತ್ರಗಳ ಕೆಲವು ಓದುಗರು
ಮಳವಳ್ಳಿ